ದೊಡ್ಡಮ್ಮನ ರಾಗಿ

ಗುಬ್ಬಿ
18-1-2025

ಭದ್ರಕ್ಕನಿಗೆ ರಂಗಲಕ್ಷ್ಮಿ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಅಮೃತೂರಿನಲ್ಲಿ ಅಡವಿಯಪ್ಪಣ್ಣನ ಮನೆಯಲ್ಲಿ ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ. ಕಾಗದ ಬರೆಯುವುದು ತಡವಾಯಿತು, ಮನ್ನಿಸು ಎಂದು ಬರೆದು ನನಗೇ ನಗು ಬಂತು. ಮೂವತ್ತಾರು ವರ್ಷಕ್ಕೆ ಯಾರಾದರೂ ತಡ ಅನ್ನುತ್ತಾರಾ? ‘ನೀವು’ ಎಂದು ಶುರು ಮಾಡಿ ಎರಡು ಹಾಳೆ ಹರಿದೆ. ಒಂದೇ ಮನೆಯಲ್ಲಿ ಒಬ್ಬನೇ ಗಂಡನಿಗೆ ಇಬ್ಬರೂ ಮುದ್ದೆ ಕಟ್ಟಿದ ಆ ಹನ್ನೊಂದು ತಿಂಗಳೂ ನಿನ್ನನ್ನು ‘ನೀನು’ ಅಂತಲೇ ಕರೆದಿದ್ದೆ. ಫೋನ್ ಮಾಡೋಣವೆಂದರೆ ನನ್ನ ದನಿ ಕೇಳಿ ಇಟ್ಟುಬಿಟ್ಟೀಯ ಎಂದು ಹೆದರಿಕೆ.

ಅಕ್ಕ, ನಿನ್ನ ಋಣ ದೊಡ್ಡದು. ಅದು ಗೊತ್ತಾಗಿದ್ದು ಹೋದ ತಿಂಗಳು, ಅದೂ ಒಂದು ಮಿಷನ್ನಿನಿಂದ.

ಎರಡು ವರ್ಷದ ಹಿಂದೆ ರಾಗಿ ತೆನೆ ಬಿಡುವ ಹೊತ್ತಿಗೆ ಜಡಿಮಳೆ ಹಿಡಿದು ಸುತ್ತಲಿನ ಹೊಲಕ್ಕೆಲ್ಲ ಬೆಂಕಿ ರೋಗ ಬಿತ್ತು. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಕಾಳೆಲ್ಲ ಜೊಳ್ಳು. ನನ್ನ ಮಗ ತಿಮ್ಮೇಶ ಬಿತ್ತಿದ್ದ ಹೊಸ ತಳಿಯೂ ಹೋಯಿತು. ಇವರು ಹಟ ಹಿಡಿದು ಬಿತ್ತುವ ಅರ್ಧ ಎಕರೆ ‘ದೊಡ್ಡಮ್ಮನ ರಾಗಿ’ ಮಾತ್ರ ಏನೂ ಆಗದ ಹಾಗೆ ನಿಂತಿತ್ತು. “ಇಳುವರಿ ಇಲ್ದಿದ್ನ ಯಾಕಪ್ಪ ಬಿತ್ತೀಯ?” ಎಂದು ತಿಮ್ಮೇಶ ಪ್ರತಿ ವರ್ಷ ಜಗಳ ತೆಗೆಯುತ್ತಿದ್ದ. ಇವರದು ಒಂದೇ ಮಾತು: “ದೊಡ್ಡಮ್ಮಂದು ಕಣ್ಲಾ, ಬುಡಕ್ಕಾಗಲ್ಲ.” ರಾಶಿ ಮಾಡಿದ ದಿನ ಮೊದಲ ಬೊಗಸೆ ಕೆರೆ ಏರಿಯ ದೊಡ್ಡಮ್ಮನ ಗುಡಿಗೆ ಹೋಗಲೇಬೇಕು. ಆಂಜನಪ್ಪನಿಗೆ ದೇವರ ಮೇಲೆ ಎಷ್ಟು ಭಕ್ತಿ ಎಂದು ಊರೇ ಹೊಗಳುತ್ತಿತ್ತು. ನಾನೂ ಬೀಗುತ್ತಿದ್ದೆ.

ಆ ವರ್ಷ ಕೋಮಲಾ ಎಂಬ ಹುಡುಗಿ ಬೆಂಗಳೂರಿನ ಸಂಶೋಧನೆಯವರ ಕಡೆಯಿಂದ ಬಂದಳು. ಹೆಬ್ಬೂರು, ಊರ್ಡಿಗೆರೆ, ನಿಮ್ಮ ಅಮೃತೂರು ಎಲ್ಲ ಸುತ್ತಿ, ಮನೆಮನೆಯ ಹಳೇ ರಾಗಿಯ ಎಲೆ, ಕಾಳು ಕೂಡಿಸುತ್ತಿದ್ದಳು. ಫಾರಂ ತುಂಬಿದ್ದು ನಾನೇ. ಏಳನೇ ಕ್ಲಾಸು ಓದಿದ್ದೇನಲ್ಲ! ‘ತಳಿ ಎಲ್ಲಿಂದ ಬಂತು’ ಎಂಬಲ್ಲಿ ‘ಗ್ರಾಮದೇವತೆ ದೊಡ್ಡಮ್ಮ’ ಎಂದು ದುಂಡಗೆ ಬರೆದೆ. ಅವಳು ಓದಿ, “ದೊಡ್ಡಮ್ಮ ಅಂದ್ರೆ ಯಾರಮ್ಮ?” ಅಂದಳು. “ದೇವ್ರು ಕಣವ್ವ, ಕೆರೆ ಏರಿ ಮೇಲೆ ಕೂತವ್ಳೆ,” ಅಂದೆ.

ಹೋದ ತಿಂಗಳು ಅವಳು ಮತ್ತೆ ಬಂದಿದ್ದಳು. ನಮ್ಮ ಹಾಗೆಯೇ ಗಿಡದೊಳಗೂ ಹೆತ್ತವರಿಂದ ಬಂದ ಬರಹ ಇರುತ್ತದಂತೆ, ಡಿಎನ್‌ಎ ಅಂತ. ಎಲೆ ಅರೆದು ಕೊಟ್ಟರೆ ಮಿಷನ್ನು ಅದನ್ನು ಓದುತ್ತದಂತೆ. ಬೆಂಕಿ ರೋಗ ತಡೆಯುವ ಜೀನು ನಮ್ಮ ರಾಗಿಯಲ್ಲಿದೆಯಂತೆ. ಅದನ್ನು ಹೆಚ್ಚು ಕಾಳು ಕೊಡುವ ತಳಿಯ ಜೊತೆ ಕೂಡಿಸುತ್ತಿದ್ದಾರೆ. ಗುಣ ಬಂತೋ ಇಲ್ಲವೋ ಎಂದು ತೆನೆವರೆಗೂ ಕಾಯಬೇಕಾಗಿಲ್ಲ, ಪೈರು ಗೇಣುದ್ದ ಇರುವಾಗಲೇ ಎಲೆ ನೋಡಿ ಆರಿಸುತ್ತಾರಂತೆ. “ತೊಟ್ಟಿಲಲ್ಲಿರೋ ಕೂಸಿನ ಮುಖ ನೋಡಿ ನಾಳೆ ಅದು ಮಾಡೋ ಸಾರಿನ ರುಚಿ ಹೇಳ್ದಂಗಾಯ್ತು ಬುಡು,” ಎಂದು ನಾನು ರೇಗಿಸಿದೆ. ಅವಳು ನಕ್ಕು, “ಇನ್ನೂ ಒಂದು ವಿಷ್ಯ ಇದೆ ಅಮ್ಮ,” ಅಂದಳು. “ಮುನ್ನೂರು ಮನೆ ರಾಗಿ ಓದಿದ್ವಿ. ನಿಮ್ದಕ್ಕೆ ತದ್ರೂಪು ಸಿಕ್ಕಿದ್ದು ಒಂದೇ ಮನೇಲಿ. ಅಮೃತೂರಿನ ಅಡವಿಯಪ್ಪ ಅನ್ನೋರ ಮನೆ. ತಂಗೀನ ಗುಬ್ಬಿಗೆ ಕೊಟ್ಟಾಗ ಮಡಿಲಕ್ಕಿ ಜೊತೆ ಮೂರು ಸೇರು ಬಿತ್ತನೆ ರಾಗಿ ಕಟ್ಟಿದ್ರಂತೆ.”

ಕಾಫಿ ಲೋಟ ಕೆಳಗಿಟ್ಟು ಇವರ ಕಡೆ ತಿರುಗಿದೆ. ಇವರು ಜಗಲಿಯ ಮೇಲೆ ಕೂತು ನೆಲ ನೋಡುತ್ತಿದ್ದರು.

“ಏನ್ರೀ, ದೊಡ್ಡಮ್ಮ ಅಂದ್ರೆ ದೇವ್ರಲ್ವಾ?”

“ದೇವ್ರು ಅಂತ ನಾನ್ ಯಾವತ್ತು ಹೇಳಿದೀನಿ?” ಅಂದರು. “ನಮ್ ಹುಡುಗ್ರಿಗೆ ಭದ್ರಿ ದೊಡ್ಡಮ್ಮ ತಾನೆ ಆಗ್ಬೇಕು? ಅವಳ ಹೆಸ್ರು ಎತ್ತಿದ್ರೆ ಆ ರಾಗೀನ ಮನೇಲಿ ಉಳಿಸ್ತಿದ್ದ್ಯಾ ನೀನು?”

ಉಳಿಸುತ್ತಿರಲಿಲ್ಲ ಅಕ್ಕ. ಬಿತ್ತನೆ ಕಾಳನ್ನೂ ಬಿಡದೆ ಬೀಸಿ ಹಿಟ್ಟು ಮಾಡುತ್ತಿದ್ದೆ. ನನ್ನ ಬುದ್ಧಿ ಅವರಿಗೆ ಚೆನ್ನಾಗಿ ಗೊತ್ತು.

ಇಷ್ಟು ವರ್ಷ ಏಮಾರಿಸಿದರಲ್ಲ ಎಂದು ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ತಿಮ್ಮೇಶನಿಗೆ ಆರು ತಿಂಗಳಾದಾಗ ಮೊದಲು ತಿನ್ನಿಸಿದ್ದು ಆ ರಾಗಿಯ ಸರಿ. ಬಾಣಂತನದಲ್ಲಿ ನನಗೆ ಬಲ ಬಂದದ್ದು ಅದರ ಅಂಬಲಿ ಕುಡಿದು. ಹೆತ್ತೆ ಎಂದು ಎದೆ ಸೆಟೆಸಿ ಓಡಾಡಿದವಳು ನಾನು, ನನ್ನ ಮಕ್ಕಳಿಗೆ ಉಣ್ಣಿಸಿದವಳು ನೀನು. ನಾಳೆ ಎಷ್ಟು ಹೊಲಗಳಿಗೆ ನಿನ್ನ ಮಡಿಲಿನ ಆ ಮೂರು ಸೇರಿನ ಗುಣ ಹೋಗುತ್ತದೋ! ಕೈ ಮುಗಿಯುತ್ತೇನೆ ಅಕ್ಕ.

ಫಾರಂನಲ್ಲಿದ್ದ ದೇವರ ಹೆಸರಿನ ಮೇಲೆ ನನ್ನ ಕೈಯಾರೆ ಗೆರೆ ಎಳೆದು ‘ಭದ್ರಮ್ಮ, ಅಮೃತೂರು’ ಎಂದು ಬರೆದಿದ್ದೇನೆ. ದೇವರು ಬೇಜಾರು ಮಾಡಿಕೊಳ್ಳಲಾರಳು. ಆದರೆ ನಿನ್ನ ರುಜು ಬೇಕಂತೆ. ಫೆಬ್ರವರಿ ಹತ್ತಕ್ಕೆ ತುಮಕೂರಿನಲ್ಲಿ ಸಭೆ ಇದೆ, ತಳಿ ಕೊಟ್ಟವರಿಗೆ ಪ್ರಮಾಣಪತ್ರ ಕೊಡುತ್ತಾರೆ. ನಿಮ್ಮಣ್ಣ ಮಾತ್ರ ಕೋಮಲಾ ಹತ್ತಿರ, “ನಮ್ ಭದ್ರಿ ಆ ಊರ್ ಕಡೆ ತಲೆ ಹಾಕೂ ಮಲಗಲ್ಲ. ಅತ್ತೆ ಮುದುಕಿ ಆಡಿದ್ ಮಾತು ಇನ್ನೂ ಕಿವೀಲದೆ ಅಂತಾಳೆ,” ಅಂದರಂತೆ. ಅತ್ತೆಯ ಮಣ್ಣಿಗೂ ನೀನು ಬರಲಿಲ್ಲ.

ಆದರೂ ಬಾ ಅಕ್ಕ. ಕುಣಿಗಲ್‌ನಲ್ಲಿ ಹೆಬ್ಬೂರು ಮೇಲೆ ಹೋಗುವ ಬಸ್ಸು ಹತ್ತು, ತುಮಕೂರು ಸ್ಟ್ಯಾಂಡಿನಲ್ಲಿ ತಿಮ್ಮೇಶ ಕಾದಿರುತ್ತಾನೆ. ಸಭೆ ಮುಗಿದ ಮೇಲೆ ಗುಬ್ಬಿಗೆ ಬಂದು ಒಂದು ಹೊತ್ತು ನಿನ್ನದೇ ರಾಗಿಯ ಮುದ್ದೆ ಉಂಡು ಹೋಗು. ಸಂಕ್ರಾಂತಿಯ ಎಳ್ಳು ಬೆಲ್ಲ ಇದರ ಜೊತೆ ಇಟ್ಟಿದ್ದೇನೆ. ತಿಂದು ಒಳ್ಳೆಯ ಮಾತಾಡಬೇಕಂತೆ. ನನಗೂ ಆ ಬುದ್ಧಿ ಈಗ ಬರುತ್ತಿದೆ.

ಹಿರಿಯಳು ನೀನು, ನನ್ನ ಮಕ್ಕಳ ಮೇಲೆ ನಿನ್ನ ಆಶೀರ್ವಾದವಿರಲಿ. ಏರಿ ಮೇಲಿನ ತಾಯಿ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನೀನು ಒಪ್ಪಿದರೆ, ನಿನ್ನ ತಂಗಿ,
ರಂಗಲಕ್ಷ್ಮಿ

ಮರೆತ ಮಾತು: ಮರೆತಿದ್ದೆ ಅನ್ನುವುದೂ ಸುಳ್ಳು. ಬೀಜ ಯಾರದೆಂದು ತಿದ್ದಿದ ಮೇಲೆ ಮಾತು ಯಾರದೆಂದೂ ತಿದ್ದಬೇಕಲ್ಲ. ಹೊರಟ ದಿನ ನೀನು ಹೊಸ್ತಿಲಾಚೆ ಮಡಿಲಕ್ಕಿಗೆ ಸೆರಗೊಡ್ಡಿ ನಿಂತಿದ್ದೆ. ಒಳಗಿನ ಕತ್ತಲಿಂದ, “ಮಡಿಲೇ ತುಂಬದೋಳಿಗೆ ಎಂಥಾ ಮಡಿಲಕ್ಕಿ?” ಎಂದು ದನಿ ಬಂತು. ನೀನು ಸೆರಗು ಕೊಡವಿಕೊಂಡು, ತಿರುಗಿ ನೋಡದೆ ಹೋದೆ. ಆಗ ಅತ್ತೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದ ಮೊರ ಹಿಡಿದು ನಿನ್ನ ಹತ್ತಿರವೇ ಬರುತ್ತಿದ್ದರು. ಆ ಮಾತು ಅವರದಲ್ಲ ಅಕ್ಕ, ನನ್ನದು. ನಾನು ನಾಲ್ಕು ತಿಂಗಳ ಬಸುರಿ ಎಂದು ಅವರು ನನ್ನನ್ನು ಬಯ್ಯಲಿಲ್ಲ. ಸಾಯುವ ತನಕ ಆ ಕೆಟ್ಟ ಹೆಸರು ತಾವೇ ಹೊತ್ತುಕೊಂಡರು. ಇದು ತಿಳಿದ ಮೇಲೂ ಬರುವ ಮನಸ್ಸಾದರೆ ಬಾ. ಮೊರ ಹಿಡಿದು ಹೊಸ್ತಿಲಲ್ಲಿ ನಾನೇ ನಿಂತಿರುತ್ತೇನೆ.