ಎರಡನೆಯ ಹೆಸರು

ಸೋಮವಾರ, ಬೆಳಿಗ್ಗೆ ಹತ್ತೂವರೆ
ಲ್ಯಾಬಿನ ಕಿಟಕಿ ಪಕ್ಕದ ಮೇಜಿನಿಂದ

ಪ್ರೀತಿಯ ಅತ್ತೆ,

ನನ್ನ ಪೇಪರ್ ಒಪ್ಪಿಗೆಯಾಯಿತು, ಅದರಲ್ಲಿ ನಿಮ್ಮ ಮಗನ ಹೆಸರಿಲ್ಲ, ಎರಡೂ ಒಳ್ಳೆಯ ಸುದ್ದಿಯೇ!

ನಮಸ್ಕಾರ, ನಾವು ಕ್ಷೇಮ, ನಿಮ್ಮ ಮಂಡಿ ನೋವು ಹೇಗಿದೆ, ಇವನ್ನೆಲ್ಲ ಮೊದಲು ಬರೆಯಬೇಕಿತ್ತು, ಗೊತ್ತು. ಆದರೆ ಜರ್ನಲಿನ ಸಂಪಾದಕರ ಪತ್ರ ಬಂದು ಇನ್ನೂ ಅರ್ಧ ಗಂಟೆಯಾಗಿಲ್ಲ. ನಾನು ಲ್ಯಾಬಿನಲ್ಲಿ ಎರಡು ಸುತ್ತು ಕುಣಿದು, ಒಂದು ಸ್ಟೂಲು ಬೀಳಿಸಿ, ಈಗ ಕೂತಿದ್ದೇನೆ. ನನ್ನ ಕನ್ನಡ ಬರವಣಿಗೆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಭಾಷೆಯಾಗಿ ಕಲಿತದ್ದು. ತಪ್ಪುಗಳನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಅಕ್ಷರದ ತಪ್ಪುಗಳನ್ನು ಮಾತ್ರವಲ್ಲ. ದೊಡ್ಡದೊಂದು ಮುಂದೆ ಬರುತ್ತಿದೆ.

ಇದನ್ನು ಭಾನುವಾರದ ಫೋನಿನಲ್ಲೇ ಹೇಳಬೇಕೆಂದು ನಾಲ್ಕು ಸಲ ಹೊರಟಿದ್ದೆ. ನೀವು "ಊಟ ಆಯ್ತೇನೇ?" ಎಂದು ಕೇಳುತ್ತೀರಿ, ನನ್ನ ಧೈರ್ಯವೆಲ್ಲ ಅಲ್ಲಿಗೇ ಕರಗಿ ನೀರಾಗುತ್ತದೆ.

ಮದುವೆಯಾದ ವಾರ ನಿಮಗೊಂದು ಚೌಕಟ್ಟು ಕಳಿಸಿದ್ದೆನಲ್ಲ, ಆಗಷ್ಟೇ ಜರ್ನಲಿಗೆ ಕಳಿಸಿದ್ದ ಇದೇ ಪೇಪರಿನ ಮೊದಲ ಪುಟ? ಮೊದಲು ನನ್ನ ಹೆಸರು, ಆಮೇಲೆ ನಿಮ್ಮ ಮಗನದು, ಕೊನೆಗೆ ನನ್ನ ಗೈಡ್ ಮೇಡಂ ಅವರದು. ನೀವು ಅದನ್ನು ಮುಂದಿನ ಕೋಣೆಯಲ್ಲಿ ಗಡಿಯಾರದ ಕೆಳಗೆ ನೇತುಹಾಕಿ, ಮೇಲಿನ ಮನೆಯವರಿಗೆ, ಔಷಧಿ ಅಂಗಡಿಯವರಿಗೆ, ಗ್ಯಾಸ್ ತರುವವನಿಗೂ ತೋರಿಸಿದಿರಂತೆ. "ಗಂಡ ಹೆಂಡ್ತಿ ಹೆಸರು ಒಟ್ಟಿಗಿದೆ ನೋಡಿ, ಮದುವೆ ಕಾರ್ಡಲ್ಲ ಇದು, ವಿಜ್ಞಾನ!" ಎಂದಿರಂತೆ. ಅದನ್ನು ಕೇಳಿ ನಾನು ಎಷ್ಟು ನಕ್ಕಿದ್ದೆ! ಈಗ ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ. ಅತ್ತೆ, ಆ ಎರಡನೆಯ ಹೆಸರು ಸುಳ್ಳು.

ಒಡೆದ ಚಿಪ್ಪನ್ನು ಬಸವನಹುಳು ಹೇಗೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂಬುದು ನನ್ನ ಕೆಲಸ. ಇನ್ನೂರ ಹನ್ನೆರಡು ಹುಳು, ಒಂದೊಂದರ ಬೆನ್ನಿಗೂ ಉಗುರುಬಣ್ಣದ ಗುರುತು, ಎರಡು ವರ್ಷ. ನಿಮ್ಮ ಮಗ ಪಕ್ಕದ ಕಟ್ಟಡದಲ್ಲಿ ಸುಣ್ಣ, ಸಿಮೆಂಟುಗಳ ರಸಾಯನಶಾಸ್ತ್ರ ನೋಡುವವರು. ಅವರು ಅರ್ಜಿ ಹಾಕಬೇಕಿದ್ದ ಕಾಯಂ ಹುದ್ದೆಗೆ ಐದು ಪೇಪರ್ ಬೇಕು, ಅವರ ಹತ್ತಿರ ನಾಲ್ಕಿತ್ತು. ಅಚ್ಚಾಗದಿದ್ದರೂ ಸರಿ, ಜರ್ನಲಿಗೆ ಕಳಿಸಿದ್ದರೂ ಲೆಕ್ಕಕ್ಕೆ ಬರುತ್ತದೆ. ಚಿಪ್ಪಿನಲ್ಲಿರುವುದೂ ಸುಣ್ಣವೇ ತಾನೇ? ನನಗೆ ಎಷ್ಟು ಚಂದದ ಉಪಾಯವಾಗಿ ಕಂಡಿತ್ತು! ಬೇರೆ ಹುಡುಗಿಯರು ಗಂಡನಿಗೆ ವಾಚು ಕೊಡುತ್ತಾರೆ, ನಾನು ಪೇಪರ್ ಕೊಡುತ್ತೇನೆ ಎಂದುಕೊಂಡೆ.

ಮೇಡಂ ಹತ್ತಿರ, ಸುಣ್ಣದ ಅಳತೆಗಳನ್ನೆಲ್ಲ ನಿಮ್ಮ ಮಗನೇ ಮಾಡಿಕೊಟ್ಟರು ಎಂದೆ. ಅದು ಮೊದಲ ಸುಳ್ಳು. ಜರ್ನಲಿನವರು ಪ್ರತಿ ಲೇಖಕರಿಗೂ ಇಮೇಲ್ ಕಳಿಸಿ, ನೀವು ಓದಿ ಒಪ್ಪಿದ್ದೀರಾ ಎಂದು ಕೇಳುತ್ತಾರೆ. ನಿಮ್ಮ ಮಗ, ಆ ಪುಣ್ಯಾತ್ಮ, ಮದುವೆ ನಿಶ್ಚಯವಾದ ದಿನವೇ ತಮ್ಮ ಫೋನಿನ ಪಾಸ್‌ವರ್ಡ್ ಹೇಳಿದ್ದರು. ಅವರು ಕೈ ತೊಳೆಯಲು ಹೋದಾಗ ನಾನೇ 'ಒಪ್ಪಿದ್ದೇನೆ' ಒತ್ತಿ, ಆ ಇಮೇಲನ್ನು ಅಳಿಸಿದೆ. ಇದು ಎರಡನೆಯದು.

ಮದುವೆಯಾಗಿ ಒಂದು ತಿಂಗಳು ತುಂಬಿದ ದಿನ ಅವರಿಗೂ ಅಂಥದ್ದೇ ಚೌಕಟ್ಟು ಕೊಟ್ಟೆ. ಅಲ್ಲಿಯವರೆಗೆ ಮಗನಿಗೆ ಮಾತ್ರ ಹೇಳಬೇಡಿ ಎಂದು ನಿಮ್ಮಿಂದ ಮಾತು ತೆಗೆದುಕೊಂಡಿದ್ದೆನಲ್ಲ. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ! ಅವರು ಬಿಚ್ಚಿ ನೋಡಿದರು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿಕೊಂಡು ನಿಂತಿದ್ದೆ.

"ಇದ್ರಲ್ಲಿ ನಾನು ಮಾಡಿದ್ದೇನು?" ಎಂದು ಕೇಳಿದರು.

"ಎರಡು ಭಾನುವಾರ ನಾನು ಸೀರೆ ತರೋಕೆ ಹೋದಾಗ ಹುಳುಗಳಿಗೆ ಎಲೆಕೋಸು ಹಾಕಿದ್ರಲ್ಲ!"

"ಹಾಗಾದ್ರೆ ಎಲೆಕೋಸು ಕೊಟ್ಟ ತರಕಾರಿಯವನ ಹೆಸರನ್ನೂ ಹಾಕು. ನನಗಿಂತ ಮೊದಲು ಹಾಕು, ಪಾಪ, ಅವನು ಎರಡು ವರ್ಷ ಕೊಟ್ಟಿದ್ದಾನೆ."

ತಮಾಷೆಗೆ ಹೇಳಿದರು ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನನಗೆ ಕೋಪ ನೆತ್ತಿಗೇರಿತು. ಎಲ್ಲರೂ ಮಾಡುತ್ತಾರೆ, ನಿಮ್ಮ ವಿಭಾಗದ ಮುಖ್ಯಸ್ಥರು ಕಾಲೇ ಇಡದ ಲ್ಯಾಬಿನ ಪೇಪರಿನಲ್ಲೂ ಅವರ ಹೆಸರಿದೆ, ನೀವೊಬ್ಬರೇ ಸತ್ಯವಂತರಾ ಎಂದೆ. ಇನ್ನೂ ಏನೇನೋ ಎಂದೆ. ಅವರು ತಡೆಯದೆ ಕೇಳಿಸಿಕೊಂಡರು, ಮುಗಿದ ಮೇಲೆ ಇಷ್ಟೇ ಹೇಳಿದರು: "ನಾಳೆ ಸಂದರ್ಶನದಲ್ಲಿ ಯಾರಾದ್ರೂ ಚಿಪ್ಪಿನ ಬಗ್ಗೆ ಒಂದು ಪ್ರಶ್ನೆ ಕೇಳಿದ್ರೆ ನಾನೇನ್ ಹೇಳ್ಲಿ? ಹೆಂಡ್ತೀನ ಕೇಳಿ ಅನ್ಲಾ?"

ತಮ್ಮ ಅರ್ಜಿಯಲ್ಲಿ ಅದನ್ನು ಬರೆಯುವುದಿಲ್ಲ ಎಂದರು. ಜರ್ನಲಿಗೆ ನೀವೇ ತಿಳಿಸಿಬಿಡಿ ಹಾಗಾದರೆ ಎಂದು ನಾನು ಮೊಂಡು ಹಿಡಿದೆ. "ನಾನು ಬರೆದ್ರೆ ಅದು ದೂರಾಗುತ್ತೆ. ನೀನು ಬರೆದ್ರೆ ತಿದ್ದುಪಡಿ. ಯೋಚನೆ ಮಾಡು, ಅವಸರ ಇಲ್ಲ" ಎಂದು ಚೌಕಟ್ಟನ್ನು ನನ್ನ ಪುಸ್ತಕಗಳ ಪಕ್ಕದಲ್ಲಿ ಇಟ್ಟರು. ನಿಮ್ಮ ಮಗ ಕೂಗಾಡುವವರಾಗಿದ್ದರೆ ನಾನು ಗೆಲ್ಲುತ್ತಿದ್ದೆ, ಅತ್ತೆ! ಎರಡು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಾನು! ನೀವು ನಂಬುವುದಿಲ್ಲ. ಅವರು ಎರಡು ದಿನವೂ ನನ್ನ ಟಿಫಿನ್ ಡಬ್ಬಿ ತುಂಬಿಸಿಟ್ಟರು.

ಮೂರನೆಯ ದಿನ ಮೇಡಂ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಬೈಯುತ್ತಾರೆ, ಅಳುತ್ತೇನೆ, ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸುಣ್ಣದ ಅಳತೆ ಹಾಗಾದ್ರೆ ಯಾರು ಮಾಡಿದ್ದು?"

"ನಾನೇ, ಮೇಡಂ."

"ಸರಿಯಾಗಿ ಮಾಡಿದ್ಯಾ?"

"ಸರಿಯಾಗೇ ಮಾಡಿದೀನಿ, ಮೇಡಂ."

"ಅದನ್ನ ನಾನು ಹೇಗಮ್ಮ ನಂಬ್ಲಿ?"

ಅಷ್ಟೇ, ಅತ್ತೆ. ದನಿ ಏರಿಸಲಿಲ್ಲ. ನಾನು ಸುಳ್ಳು ಹೇಳಿದ್ದು ಒಂದು ಹೆಸರಿನ ಬಗ್ಗೆ, ಅಳತೆಗಳ ಬಗ್ಗೆ ಅಲ್ಲ, ಅವು ಬೇರೆ ಬೇರೆ ಎಂದೇ ತಿಳಿದಿದ್ದೆ. ಓದುವವರಿಗೆ ಅವು ಬೇರೆಯಲ್ಲ. ಹೆಸರಿನಲ್ಲಿ ಸುಳ್ಳು ಹೇಳಿದವಳು ಅಂಕಿಯಲ್ಲಿ ಹೇಳಿಲ್ಲ ಎಂಬುದಕ್ಕೆ ನನ್ನ ಮಾತು ಬಿಟ್ಟರೆ ಬೇರೇನಿದೆ? ಆ ಮಾತಿಗೇ ಈಗ ಬೆಲೆಯಿಲ್ಲ. ನನ್ನ ಎರಡು ವರ್ಷದ ಕೆಲಸ ನಾನೇ ಎತ್ತಿ ನೆಲಕ್ಕೆ ಹಾಕಿದ ಹಾಗಾಗಿತ್ತು.

ಆ ಕ್ಷಣ ಅವರು ನನ್ನನ್ನು ಹೊರಗೆ ಹಾಕಬಹುದಿತ್ತು. ಹಾಕಲಿಲ್ಲ. ನನ್ನ ಎದುರಿಗೇ ಸಂಪಾದಕರಿಗೆ ಪತ್ರ ಬರೆಸಿದರು, ನಾನು ಮೆತ್ತಗೆ ಮಾಡಲು ಹೋದ ಪದಗಳನ್ನೆಲ್ಲ ಹೊಡೆದು ಹಾಕಿದರು. 'ಅಚಾತುರ್ಯ' ಎಂದು ಬರೆದಿದ್ದೆ. "ಅಚಾತುರ್ಯ ಅಂದ್ರೆ ಚಾ ಚೆಲ್ಲೋದು. ಇದಕ್ಕೆ ಬೇರೆ ಪದ ಇದೆ, ಬರಿ" ಎಂದರು. ಬರೆದೆ. ಚಿಪ್ಪಿನ ಚೂರುಗಳನ್ನು ಸಂಖ್ಯೆ ಹಾಕಿದ ಪುಟ್ಟ ಬಾಟಲಿಗಳಲ್ಲಿ ಇಟ್ಟಿದ್ದರಿಂದ, ಇನ್ನೂರ ಹನ್ನೆರಡನ್ನೂ ಮತ್ತೆ ಅಳೆಯಲು ನಮ್ಮ ಲ್ಯಾಬಿನ ಹಿರಿಯ ಟೆಕ್ನೀಶಿಯನ್‌ಗೆ ಕೊಟ್ಟರು. ನನ್ನ ನೋಟುಪುಸ್ತಕ ಮೇಡಂ ಅವರ ಕಪಾಟಿನೊಳಗೆ ಹೋಯಿತು. ಮೂರು ವಾರ! ಆ ಟೆಕ್ನೀಶಿಯನ್ ಆಂಟಿ ನನ್ನ ಮುಖ ಕಂಡರೆ ಸಾಕು, "ನೂರು ದಾಟಿದೀನಿ ಕಣಮ್ಮ, ಇನ್ನೂ ಉಸಿರಾಡ್ತಾ ಇರು" ಎನ್ನುತ್ತಿದ್ದರು.

ಅಂಕಿಗಳು ತಾಳೆಯಾದವು. ಎರಡು ಕಡೆ ನಾನು ನಿಜವಾಗಿ ತಪ್ಪು ಓದಿದ್ದೆ, ತಿದ್ದಿದೆವು. ಇಂದು ಒಪ್ಪಿಗೆ ಬಂದಿದೆ. ಮುಂದಿನ ಒಂದು ವರ್ಷ ನಾನು ಬರೆಯುವ ಪ್ರತಿ ಅಳತೆಯ ಪಕ್ಕ ಇನ್ನೊಬ್ಬರ ರುಜು ಬೇಕು. ಹೊಸ ವಿದ್ಯಾರ್ಥಿಗಳ ಮುಂದೆ ರುಜುವಿಗಾಗಿ ಪುಸ್ತಕ ಹಿಡಿದು ನಿಲ್ಲುವಾಗ ಮುಖ ಬಿಸಿಯಾಗುತ್ತದೆ. ಆಗಲಿ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ದಯವಿಟ್ಟು ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿಬಿಡಿ. ನೀವು ಯಾರ ಯಾರಿಗೆ ತೋರಿಸಿದಿರೋ ಅವರಿಗೆಲ್ಲ ನಾನೇ ಬಂದು ಹೇಳುತ್ತೇನೆ, ನಿಮಗೆ ಆ ಕಷ್ಟ ಬೇಡ. ಗ್ಯಾಸ್ ತರುವವನಿಗೂ ಹೇಳುತ್ತೇನೆ. ನೀವು ನನ್ನನ್ನು 'ಮಗಳೇ' ಎಂದು ಕರೆಯುತ್ತೀರಿ. ಇದನ್ನು ಓದಿದ ಮೇಲೆ ಸ್ವಲ್ಪ ದಿನ 'ಸೊಸೆ' ಎಂದರೂ ಸರಿಯೇ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ತೋರಿಸುವುದಿಲ್ಲ.

ಇಂಥ ಮಗನನ್ನು ಹೇಗೆ ಬೆಳೆಸಿದಿರಿ, ಅತ್ತೆ? ಹೊಡೆದಿದ್ದಿರಾ? ಬಂದಾಗ ಹೇಳಿಕೊಡಿ. ಹುದ್ದೆಯ ವಿಷಯ ಅವರೇ ನಿಮಗೆ ಹೇಳುತ್ತಾರೆ, ಅದು ನನ್ನ ಬಾಯಿಂದ ಬರುವುದು ಬೇಡ.

ಕೋಟಿ ಪ್ರೀತಿಯೊಂದಿಗೆ,
ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಲಕೋಟೆ ಅಂಟಿಸಿ, ಅಂಚೆ ಕಚೇರಿಯ ಬಾಗಿಲವರೆಗೂ ಹೋಗಿ, ವಾಪಸು ಬಂದು ಬಿಡಿಸಿದೆ. ಹುದ್ದೆ ಸಿಗಲಿಲ್ಲ, ಅತ್ತೆ. ಸಂದರ್ಶನಕ್ಕೇ ಕರೆಯಲಿಲ್ಲ. ನಾಲ್ಕೇ ಪೇಪರಿದ್ದ ಅರ್ಜಿಯನ್ನು ಮೊದಲೇ ಬದಿಗಿಟ್ಟರಂತೆ. ಗೊತ್ತಾಗಿ ಹನ್ನೊಂದು ದಿನವಾಯಿತು, ಈಗಿನ ಕೆಲಸವೂ ತಿಂಗಳ ಕೊನೆಗೆ ಮುಗಿಯುತ್ತದೆ. ನೀವು ಫೋನಿನಲ್ಲಿ ಕೇಳಿದಾಗ ಅವರು "ಇನ್ನೂ ಏನೂ ತಿಳಿದಿಲ್ಲಮ್ಮ" ಎನ್ನುವುದು ನನಗಾಗಿ. ಸಿಗಲಿಲ್ಲ ಎಂದರೆ, ಐದನೆಯದು ಇಲ್ಲಿ ಗೋಡೆ ಮೇಲೇ ಇದೆಯಲ್ಲೋ ಎಂದು ನೀವು ಕೇಳುತ್ತೀರಿ, ಆಗ ಹೆಂಡತಿ ಮಾಡಿದ್ದನ್ನು ಹೇಳಬೇಕಾಗುತ್ತದೆ. ಅವರು ಅದನ್ನು ಎಂದಿಗೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ಅವರು ಬರುವುದು ಶನಿವಾರ ಸಂಜೆ. ನಾನು ಒಂದು ದಿನ ಮುಂಚೆ ಒಬ್ಬಳೇ ಬರುತ್ತೇನೆ. ಬೈಯುವುದು, ಅಳುವುದು, ಎಲ್ಲವನ್ನೂ ನಾವಿಬ್ಬರೇ ಆ ಒಂದು ದಿನದಲ್ಲಿ ಮುಗಿಸಿಕೊಳ್ಳೋಣ. ಅವರಿಗೆ ಬಾಗಿಲು ತೆರೆಯುವಾಗ ನಿಮ್ಮ ಮುಖ ಎಂದಿನಂತೆ ಇರಲಿ. ಶುಕ್ರವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ನಿಮ್ಮೂರಿಗೆ ಬರುವ ಪ್ಯಾಸೆಂಜರ್ ರೈಲು.