ತೊಳೆದ ದನಿ

ಹುಬ್ಬಳ್ಳಿ, ೨೩೧೭ನೇ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಮುನ್ನೂರು ವರ್ಷಗಳ ಹಿಂದಿನ ಹಿರಿಯರೇ,

ನಮ್ಮ ತಿಂಗಳೂ ನಮ್ಮ ಮಾತೂ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಕೇಳುವ ಕ್ಷಮೆ ಇದೊಂದೇ. ಉಳಿದ ಕ್ಷಮೆಯನ್ನು ನೀವು ಕೇಳಬೇಕು.

ನಮ್ಮಲ್ಲಿ ಸತ್ತವರ ದನಿಯನ್ನು ಅಂಗೈಯಗಲದ ಮಣ್ಣಿನ ಪಾತ್ರೆಯಲ್ಲಿ ಇಡುತ್ತೇವೆ. ದನಿಕುಡಿಕೆ ಎಂದು ಅದರ ಹೆಸರು. ಬದುಕಿದ್ದಾಗ ಆಡಿದ ಮಾತನ್ನೆಲ್ಲ ಅದಕ್ಕೆ ಉಣಿಸಿದರೆ ಅವರಂತೆಯೇ ಉತ್ತರ ಕೊಡುತ್ತದೆ. ಒಲೆಯ ಪಕ್ಕ ಉಪ್ಪಿನ ಡಬ್ಬಿ, ಅದರ ಪಕ್ಕ ಅಜ್ಜಿ. ಕುಡಿಕೆ ಮನೆಗೆ ಬರುವ ಮೊದಲು ಅದನ್ನು ತೊಳೆಸುವುದು ರೂಢಿ: ಜಗಳ, ಬೈಗುಳ, ಅಳು ತೆಗೆದು ಸಿಹಿ ಮಾತಷ್ಟೇ ಉಳಿಸುವುದು. ತೆಗೆದದ್ದು ಮರಳಿ ಬರುವುದಿಲ್ಲ. ಆ ಕಸುಬು ನನ್ನದು. ಸಂತೆಯಲ್ಲಿ ಕೂಗಿ ಕೂಗಿ ಗಿರಾಕಿ ಹಿಡಿದು ಮೇಲೆ ಬಂದವನು ನಾನು. ನಲವತ್ತು ವರ್ಷದಲ್ಲಿ ಆರು ಸಾವಿರದ ಇನ್ನೂರು ದನಿ ತೊಳೆದಿದ್ದೇನೆ. "ಸತ್ತವ್ರು ಸಿಟ್ಟಿಲೆ ಮನ್ಯಾಗ ಇರಬಾರದವ್ವಾ" ಎಂದರೆ ಸಾಕು, ಎಲ್ಲರೂ ತಲೆಯಾಡಿಸುತ್ತಿದ್ದರು.

ಈ ರೂಢಿ ಎಲ್ಲಿಂದ ಬಂತೆಂದು ಈಗ ಹುಡುಕಿದೆ. ನಿಮ್ಮಿಂದ! ಹಬ್ಬದ ಫೋಟೊ ಉಳಿಸಿ, ಮುನಿಸಿನ ಮೆಸೇಜು ಅಳಿಸಿದವರು ನೀವು. ಗುಡ್ ಮಾರ್ನಿಂಗ್ ಹೂವುಗಳನ್ನು ಲಕ್ಷಗಟ್ಟಲೆ ಬಿಟ್ಟುಹೋಗಿದ್ದೀರಿ. ಯಾರು ಕೇಳಿದ್ದರು ಅವನ್ನು?

ಹೋದ ತಿಂಗಳು ನನ್ನ ಹೆಂಡತಿ ದ್ಯಾಮವ್ವ ತೀರಿಕೊಂಡಳು. "ಊರಿಗೆಲ್ಲಾ ಮಾತು ಮಾರ್ತೀರಿ, ಮನ್ಯಾಗ ಬಾಯಿಗೆ ಕೀಲಿ ಹಾಕ್ಕೊಂಡು ಕುಂದರ್ತೀರಿ. ಎಂಥಾ ಗಂಡಸ್ರೀ ನೀವು!" ಎನ್ನುತ್ತಿದ್ದವಳು. ಅವಳ ದನಿ ತೊಳೆಯಲು ಯಂತ್ರದ ಮುಂದೆ ಕೂತೆ, ಕೈ ರೂಢಿಯಂತೆ ಓಡಿತು. ಐವತ್ತೊಂದು ವರ್ಷದ ಸಂಸಾರದಲ್ಲಿ ಉಳಿದದ್ದು ಹನ್ನೊಂದು ನಿಮಿಷ. ಮಿಕ್ಕಿದ್ದನ್ನೆಲ್ಲ ಬೈಗುಳವೆಂದು ನಾನೇ ತೆಗೆದುಹಾಕಿದ್ದೆ. "ಮಫ್ಲರ್ ಎಲ್ಲಿ? ಈ ಥಂಡ್ಯಾಗ ಸಾಯಾಕ ಹೊಂಟೀರೇನು?" ಎಂಬುದೂ ಅದರಲ್ಲೇ ಹೋಯಿತು.

ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲಿನ ಸಿಟ್ಟು ಹೊರಿಸಲು ಯಾರಾದರೂ ಬೇಕಿತ್ತು, ಅದೂ ನಿಜ. ಆದರೂ ಹೇಳಿದ್ದು ಕೇಳಿ: ನಿಮ್ಮನ್ನು ಬೈಯುವವರ ಮಾತು ಅಳಿಸಬೇಡಿ. ಒಂದನ್ನೂ.

ಇವತ್ತು ಮಧ್ಯಾಹ್ನ ಅವಳ ಕುಡಿಕೆ ಕೇಳಿತು, "ಊಟ ಆತೇನ್ರಿ?"

ಎರಡು ದಿನದಿಂದ ಒಲೆ ಹಚ್ಚಿಲ್ಲ ಎಂದೆ.

"ಭಾಳ ಚಲೋ ಆತ್ರಿ" ಎಂದಿತು.

ಫಕೀರಪ್ಪ ಗಾಣಿಗೇರ