ಬೀದಿ ತುಂಬ ಚೀಲಗಳು

ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಬೀದಿಯ ಚೀಲಗಳ ಕಥೆಯನ್ನು ನಮಗಿಬ್ಬರಿಗೂ ಮೊದಲು ಹೇಳಿದವರು ಗಡ್ಡದ ಮೇಷ್ಟ್ರು. ಆಗ ನಾನು ಕೊನೆಯ ವರ್ಷದಲ್ಲಿದ್ದೆ, ನೀನು ಆಗತಾನೆ ಕಾಲೇಜು ಸೇರಿದ್ದೆ, ಅವತ್ತು ಎರಡೂ ತರಗತಿಗಳನ್ನು ಒಟ್ಟಿಗೆ ಕೂರಿಸಿದ್ದರು. ನಿನಗೆ ಮರೆತಿರಬಹುದು, ದೊಡ್ಡ ಮನುಷ್ಯರಿಗೆ ಮರೆವು ಒಂದು ಸೌಕರ್ಯ. ಅದನ್ನು ನೆನಪಿಸಲೆಂದೇ ಈ ಕಾಗದ. ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳಿ ಮುಗಿಸೋಣವೆಂದು ಕಾಯುತ್ತಿದ್ದೆ. ಆದರೆ ಪ್ರತಿ ಸಲವೂ ಫೋನು ಎತ್ತುವವನು ನಿನ್ನ ಆ ಹೂಂಗುಟ್ಟುವ ಸಹಾಯಕ. "ಸಾರ್ ಮೀಟಿಂಗಲ್ಲಿದಾರೆ ಮೇಡಂ." ಯಾವಾಗ ಮುಗಿಯುತ್ತಪ್ಪ ಎಂದರೆ, "ಸಾರ್ ಹೇಳಿದಾಗ ಮುಗಿಯುತ್ತೆ ಮೇಡಂ." ಅಂಥ ರತ್ನವನ್ನು ಎಲ್ಲಿ ಹುಡುಕಿದೆಯೋ! ನೀನು ಸೀನಿದರೂ ಅವನಿಗೆ ಅದರಲ್ಲೊಂದು ಸಂಶೋಧನೆ ಕಾಣುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಿಲ್ಲ. ನಮ್ಮ ಮನೆತನದ ಕೀಲುಬಾವಿಗೆಂದು ನೀನೇ ಕಂಡುಹಿಡಿದ ಗುಳಿಗೆ ಮೂರು ಡಬ್ಬಿ ಕಳಿಸಿದೆಯಲ್ಲ, ಅಮ್ಮನಿಗೊಂದು, ಚಿಕ್ಕಮ್ಮನಿಗೊಂದು, ಸೋದರಮಾವನಿಗೊಂದು, ಅವು ಬಂದಾಗಿನಿಂದ ಅಮ್ಮನ ಬೆರಳುಗಳು ಇನ್ನಷ್ಟು ಊದಿವೆ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರುತ್ತಿಲ್ಲ. ಬಟ್ಟೆ ಹೊಲಿದು ನಮ್ಮಿಬ್ಬರನ್ನು ಓದಿಸಿದವಳು ಈಗ ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದು, "ನೀನೇ ಸ್ವಲ್ಪ ಕತ್ತರಿಸಿಕೊಡೇ" ಎನ್ನುತ್ತಾಳೆ. ನಾನು ಕತ್ತರಿಸಿದ ಕಾಲರು ಹೇಗಿರುತ್ತದೆಂದು ನಿನಗೆ ಗೊತ್ತು. ಗಿರಾಕಿಗಳಿಗೂ ಗೊತ್ತಾಗತೊಡಗಿದೆ.

ಈಗ ಕಥೆ ಕೇಳು. ನಮ್ಮ ಮೈಯ ಒಂದೊಂದು ಜೀವಕೋಶವೂ ಒಂದೊಂದು ಊರು ಎಂದು ಮೇಷ್ಟ್ರು ಶುರುಮಾಡಿದ್ದರು. ಊರೆಂದ ಮೇಲೆ ಒಡೆದದ್ದು, ಸವೆದದ್ದು ಇದ್ದೇ ಇರುತ್ತದೆ. ಗುಡಿಸುವವರು ಅದನ್ನೆಲ್ಲ ಚೀಲದಲ್ಲಿ ಕಟ್ಟಿಡುತ್ತಾರೆ. ಗಾಡಿ ಬಂದು ಚೀಲಗಳನ್ನು ಕುಲುಮೆಗೆ ಒಯ್ಯುತ್ತದೆ. ಅಲ್ಲಿ ಕರಗಿಸಿ, ಅದರಿಂದಲೇ ಹೊಸ ಸಾಮಾನು ಮಾಡುತ್ತಾರೆ. ಅದೇ ಊರಿನಲ್ಲಿ ಒಬ್ಬ ಕಾವಲುಗಾರ. ಅವನಿಗೆ ಯಾರ ಮುಖ ಪರಿಚಯವೂ ಇಲ್ಲ, ಕಳ್ಳರ ಕೆಲವು ಗುರುತುಗಳನ್ನು ಮಾತ್ರ ಹುಟ್ಟಿನಿಂದಲೇ ಬಲ್ಲ. ಫಜೀತಿ ಏನೆಂದರೆ, ಊರಿಗೆ ಶಕ್ತಿ ಕೊಡುವ ಒಲೆಗಳು, ಅಂದರೆ ಮೈಟೊಕಾಂಡ್ರಿಯಗಳು, ಯಾವುದೋ ಕಾಲದಲ್ಲಿ ಹೊರಗಿಂದ ಬಂದು ನೆಲೆಸಿದ ಬ್ಯಾಕ್ಟೀರಿಯಾದ ಸಂತಾನ. ಒಡೆದ ಒಲೆಯ ಚೂರು ಬೀದಿಗೆ ಚೆಲ್ಲಿದರೆ ಕಾವಲುಗಾರ ಕಳ್ಳ ಬಂದನೆಂದೇ ಶಿಳ್ಳೆ ಹಾಕುತ್ತಾನೆ. ಜನ ದೊಣ್ಣೆ ಹಿಡಿದು ಓಡಿ ಬಂದು ತಮ್ಮ ಮನೆಗಳನ್ನೇ ಬಡಿಯುತ್ತಾರೆ. ಕೀಲಿಗೆ ಬಾವು ಬರುವುದು ಹೀಗೂ ಉಂಟು.

ಆಮೇಲೆ ಮೇಷ್ಟ್ರು ಕೇಳಿದ್ದು ನೆನಪಿದೆಯೇ? "ಬೀದಿ ತುಂಬ ಚೀಲ ಕಂಡ್ರೆ ಏನು ತಿಳ್ಕೋತೀರಿ?"

ಮುಂದಿನ ಬೆಂಚಿನಿಂದ ಎದ್ದವನು ನೀನೇ. "ಗುಡಿಸೋರು ಚೆನ್ನಾಗಿ ಕೆಲಸ ಮಾಡ್ತಿದಾರೆ ಸಾರ್!"

"ಅಥವಾ ಗಾಡಿ ಬಂದಿಲ್ಲ ಕಣಯ್ಯ. ಕೂತ್ಕೋ."

ಎಲ್ಲರೂ ನಕ್ಕರು, ನೀನೂ ನಕ್ಕೆ. ಯಾವುದು ನಿಜವೆಂದು ತಿಳಿಯುವ ದಾರಿಯನ್ನೂ ಅವರು ಹೇಳಿಕೊಟ್ಟರು: ಗಾಡಿಯನ್ನು ನೀವೇ ತಡೆದು ನೋಡಿ. ಚೀಲಗಳು ಇನ್ನೂ ಹೆಚ್ಚಿದರೆ ಗಾಡಿ ಅಲ್ಲಿಯವರೆಗೆ ಓಡುತ್ತಿತ್ತು. ಇದ್ದಷ್ಟೇ ಇದ್ದರೆ, ಅದು ಮೊದಲೇ ಕೆಟ್ಟು ನಿಂತಿತ್ತು.

ಇಷ್ಟು ಕಲಿತವನು ಕಳೆದ ತಿಂಗಳು ಆ ದೊಡ್ಡ ಸಭಾಂಗಣದಲ್ಲಿ ಏನು ಮಾಡಿದೆ? ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರದೆಯ ಮೇಲೆ ಹಸಿರು ಚುಕ್ಕೆ ತುಂಬಿದ ಕೋಶಗಳ ಚಿತ್ರ ಹಾಕಿ, ಒಂದೊಂದು ಚುಕ್ಕೆಯೂ ಒಂದೊಂದು ಚೀಲ, "ನೋಡಿ, ನಮ್ಮ ಗುಳಿಗೆಯಿಂದ ಚೀಲಗಳು ಎಷ್ಟು ಹೆಚ್ಚಿವೆ! ಕೋಶ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತಿದೆ!" ಎಂದೆ. ಚಪ್ಪಾಳೆಯೋ ಚಪ್ಪಾಳೆ. ನೀನು ಕೋಟಿನ ತೋಳು ಸರಿಮಾಡಿಕೊಂಡು ತಲೆ ಬಾಗಿಸಿದ ಗತ್ತು ನೋಡಿ ನನಗೆ ಹೇಸಿಗೆಯಾಯಿತು. ಕಸದ ರಾಶಿಯ ಮುಂದೆ ನಿಂತು ಹಾರ ಹಾಕಿಸಿಕೊಂಡ ಹಾಗಿತ್ತು. ಹತ್ತಾರು ಜನ ಪಂಡಿತರಿದ್ದರು. ಒಬ್ಬನಿಗೂ ಗಾಡಿಯ ವಿಚಾರ ಕೇಳುವ ಬಾಯಿ ಇರಲಿಲ್ಲ. ಹೊರಗೆ ಊಟಕ್ಕೆ ಕರೆಯುವ ಗಂಟೆ ಹೊಡೆದಿತ್ತು ನೋಡು.

ನಾನು ನನ್ನ ಪ್ರಯೋಗಾಲಯದಲ್ಲಿ ಅಮ್ಮನ ಡಬ್ಬಿಯದೇ ಒಂದು ಗುಳಿಗೆ ಕರಗಿಸಿ, ಕೋಶಗಳಿಗೆ ಹಾಕಿ ಆ ಪರೀಕ್ಷೆ ಮಾಡಿದೆ. ಗಾಡಿ ತಡೆದರೂ ಚೀಲ ಒಂದೂ ಹೆಚ್ಚಲಿಲ್ಲ. ನಿನ್ನ ಗುಳಿಗೆ ಗುಡಿಸುವವರಿಗೆ ಹುರುಪು ಕೊಡುತ್ತಿಲ್ಲ, ಕುಲುಮೆಯ ಬಾಗಿಲಿಗೆ ಬೀಗ ಜಡಿಯುತ್ತಿದೆ. ಒಲೆಯ ಚೂರುಗಳು ಚೆಲ್ಲಿದ್ದೂ ಕಂಡಿತು, ಕಾವಲುಗಾರ ಎಚ್ಚೆತ್ತದ್ದೂ ಕಂಡಿತು. ಚಿತ್ರಗಳನ್ನೆಲ್ಲ ನಿನಗೆ ಕಳಿಸಿದೆ. ನಿನ್ನ ಉತ್ತರ ಒಂದೇ ಸಾಲು: "ಅಕ್ಕಾ, ನಿನ್ನ ಮೈಕ್ರೋಸ್ಕೋಪು ಹಳೇದು." ಅಮ್ಮನಿಗೆ ಮಾತ್ರ ನೀನೇ ಫೋನು ಮಾಡಿ, "ಬಾವು ಜಾಸ್ತಿ ಆದ್ರೆ ಹೆದರ್ಬೇಡ, ಔಷಧಿ ಕೆಲಸ ಮಾಡ್ತಿರೋ ಗುರುತು" ಎಂದೆಯಂತೆ. ನಿನಗೆ ಸೋಲು ಎಂಬುದೇ ಇಲ್ಲ ಬಿಡು. ಇಳಿದರೂ ಗೆದ್ದೆ, ಏರಿದರೂ ಗೆದ್ದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮೂವರಿಗೂ ಈ ಕಥೆ ಹೇಳಿದೆ. ಮಾವ ಮೊಣಕಾಲು ಸವರಿಕೊಂಡು, "ಅಂದ್ರೆ ಅಳಿಯ ನನ್ನ ಮಂಡಿಯೊಳಗೆ ತಿಪ್ಪೆ ಹಾಕಿಸಿದಾನೆ ಅನ್ನು" ಎಂದರು. ಚಿಕ್ಕಮ್ಮ, "ನಮ್ಮ ಬೀದಿ ಕಸದ ಗಾಡಿನೂ ಅವನದ್ದೇ ಇರ್ಬೇಕು, ವಾರದಿಂದ ಪತ್ತೆ ಇಲ್ಲ" ಎಂದು ನಕ್ಕಳು. ಅಮ್ಮ ತಟ್ಟೆ ತೊಳೆದಿಟ್ಟು ಮಿಷನ್ನಿನ ಮುಂದೆ ಹೋಗಿ ಕೂತಳು.

ಬುಧವಾರದಿಂದ ಆಸ್ಪತ್ರೆಯ ರೋಗಿಗಳಿಗೂ ಇದನ್ನು ಕೊಡುತ್ತೀಯೆಂದು ಕೇಳಿದೆ. ಅದನ್ನು ತಡೆಯಿರಿ ಎಂದು ನನ್ನ ಚಿತ್ರಗಳನ್ನು, ಹೊಸ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸಮಿತಿಗೆ ಕಳಿಸಿದ್ದೇನೆ. ನಿನ್ನನ್ನು ಕೇಳಿ ಕಳಿಸಲಿಲ್ಲ, ಕೇಳುವಷ್ಟು ಮರ್ಯಾದೆ ನಿನ್ನ ಮೇಲೆ ಉಳಿದಿಲ್ಲ. ಆದರೆ ಅಮ್ಮನಿಗೆ ಯಾವ ಸಮಿತಿಯೂ ಇಲ್ಲ. ನೀನೇ ಫೋನು ಮಾಡಿ "ನಿಲ್ಲಿಸಮ್ಮ" ಎನ್ನಬೇಕು. ತಪ್ಪು ಒಪ್ಪಿಕೊಳ್ಳಬೇಡ, ಬೇರೇನಾದರೂ ಸುಳ್ಳು ಹೇಳು. ಅದು ನಿನಗೆ ಚೆನ್ನಾಗಿ ಬರುತ್ತದೆ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದು ಚಿಟಿಕೆ ನಾಚಿಕೆಯನ್ನೂ ಕೊಡಲಿ.

ನಿನ್ನ
ಅಕ್ಕ

ಮರೆತ ಮಾತು, ಸೋಮವಾರ ಬೆಳಿಗ್ಗೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಸೇರಿಸುತ್ತಿದ್ದೇನೆ. ಮಾವ ಎದ್ದವರೇ ತಮ್ಮ ಡಬ್ಬಿಯನ್ನು ಮೇಜಿನ ಮೇಲೆ ತಂದಿಟ್ಟು, "ವಾಪಸ್ ಕಳ್ಸು" ಎಂದು ವಾಕಿಂಗಿಗೆ ಹೋದರು. ಚಿಕ್ಕಮ್ಮ ತನ್ನದನ್ನು ಕಸದ ಬುಟ್ಟಿಗೆ ಹಾಕಿದಳು. ಅಮ್ಮ ಅದನ್ನು ಎತ್ತಿ, ಒರೆಸಿ, ತನ್ನ ಡಬ್ಬಿಯ ಪಕ್ಕಕ್ಕಿಟ್ಟಳು. "ನಿನ್ನೆ ಹೇಳಿದ್ದು ಅರ್ಥ ಆಗ್ಲಿಲ್ವಾ ಅಮ್ಮ?" ಎಂದೆ.

"ಎಲ್ಲ ಅರ್ಥ ಆಯ್ತು ಕಣೇ. ನೀನು ಸುಳ್ಳು ಹೇಳೋಳಲ್ಲ. ಆದ್ರೆ ಮನೆಯವರೇ ಎಸೆದ್ರು ಅಂತ ಅವನಿಗೆ ಗೊತ್ತಾದ್ರೆ, ಮಗು ಎಷ್ಟು ನೊಂದ್ಕೊಳ್ಳುತ್ತೆ."

ಬೆರಳಿನಿಂದ ಮುಚ್ಚಳ ತಿರುಗಿಸಲಾಗದೆ ಡಬ್ಬಿಯನ್ನು ನನ್ನ ಕಡೆ ಚಾಚಿದಳು. ನಾನು ಕೈ ಕಟ್ಟಿಕೊಂಡು ನಿಂತೆ. ಅವಳು ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಬಾಗಿ, ಹಲ್ಲಿನಿಂದ ತೆಗೆದಳು. ಗುಳಿಗೆ ನುಂಗಿ, ನೀರು ಕುಡಿದು, "ಕಾಗದ ಬರೀತಿದೀಯಲ್ಲ, ಅಮ್ಮಂಗೆ ಗುಣ ಆಗ್ತಿದೆ ಅಂತ ಬರಿ" ಎಂದಳು.

ಬರೆದಿದ್ದೇನೆ.